ನಿದ್ರಾನಾಶ: ಗುಳಿಗೆಗಿಂತ ಮೊದಲು ಕಾರಣವನ್ನು ಕೇಳೋಣ



ಶರೀರವನ್ನು ಧರಿಸಿ ನಿಲ್ಲಿಸುವ ಉಪಸ್ತಂಭಗಳು ಮೂರೆಂದು ಚರಕಸಂಹಿತೆ ಹೇಳುತ್ತದೆ: ಆಹಾರ, ನಿದ್ರೆ ಮತ್ತು ಬ್ರಹ್ಮಚರ್ಯ. ಇವುಗಳಲ್ಲಿ ಆಹಾರದ ವಿಷಯದಲ್ಲಿ ನಮ್ಮ ಭಾಗದ ಜನರಿಗೆ ತಕ್ಕ ಎಚ್ಚರವಿದೆ. ಮನೆಯ ಹಿರಿಯರಿಗೆ ಎರಡು ದಿನ ರೊಟ್ಟಿ ಸೇರದಿದ್ದರೆ ಮೂರನೆಯ ದಿನ ವೈದ್ಯರ ಮುಂದೆ ಕರೆತಂದು ಕೂಡಿಸುತ್ತಾರೆ. ಅದೇ ಹಿರಿಯರಿಗೆ ಎರಡು ತಿಂಗಳು ನಿದ್ರೆ ಹತ್ತದಿದ್ದರೆ, ವಯಸ್ಸಾಯಿತು, ಹಾಗೆಯೇ ಇರುತ್ತದೆ ಎಂದು ಸುಮ್ಮನಾಗುತ್ತಾರೆ. ಇಲ್ಲವೆ ಮೆಡಿಕಲ್ ಅಂಗಡಿಯಿಂದ ನಿದ್ರೆಯ ಗುಳಿಗೆ ತರಿಸಿ ಕೊಡುತ್ತಾರೆ. ಈ ಎರಡು ದಾರಿಗಳೂ ಸರಿಯಲ್ಲ ಎಂಬುದು ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಬಹುಕಾಲ ವೈದ್ಯವೃತ್ತಿ ನಡೆಸಿದ ನನ್ನ ದೃಢವಾದ ಅಭಿಪ್ರಾಯ.

ಜ್ವರ ಬಂದವನಿಗೆ ಜ್ವರವೇಕೆ ಬಂದಿತೆಂದು ನೋಡದೆ ಮೈಯ ಬಿಸಿಯನ್ನಷ್ಟೇ ಇಳಿಸುವುದು ಹೇಗೆ ಅರೆಚಿಕಿತ್ಸೆಯೋ, ನಿದ್ರೆ ಏಕೆ ಕೆಟ್ಟಿತೆಂದು ಕೇಳದೆ ಮಂಪರು ತರಿಸುವುದೂ ಹಾಗೆಯೇ. ಆ ಮಂಪರು ಇಂಗ್ಲಿಷ್ ಗುಳಿಗೆಯದಾಗಿರಲಿ, ನಮ್ಮ ಆಯುರ್ವೇದದ ಚೂರ್ಣದ್ದಾಗಿರಲಿ, ಮಾತು ಒಂದೇ.

ನಿದ್ರೆಯ ಸ್ವರೂಪ

ಮನಸ್ಸು ದಣಿದು, ಇಂದ್ರಿಯಗಳು ತಮ್ಮ ತಮ್ಮ ವಿಷಯಗಳಿಂದ ಹಿಂದೆ ಸರಿದಾಗ ಮನುಷ್ಯನಿಗೆ ನಿದ್ರೆ ಬರುತ್ತದೆ ಎಂಬುದು ಚರಕರ ವಿವರಣೆ. ನಿದ್ರೆಯಲ್ಲಿಯೂ ಅವರು ಹಲವು ಬಗೆಗಳನ್ನು ಕಾಣುತ್ತಾರೆ. ರೋಗದಿಂದ ಬರುವ ನಿದ್ರೆ ಬೇರೆ, ಕಫದಿಂದ ಬರುವ ಜಡನಿದ್ರೆ ಬೇರೆ, ರಾತ್ರಿಯ ಸ್ವಭಾವದಿಂದ ತಾನಾಗಿ ಬರುವ ನಿದ್ರೆ ಬೇರೆ. ಕೊನೆಯದನ್ನು ಅವರು ಭೂತಧಾತ್ರಿ, ಅಂದರೆ ಜೀವಿಗಳನ್ನು ಪೋಷಿಸುವ ತಾಯಿ ಎಂದು ಕರೆದಿದ್ದಾರೆ. ಗುಳಿಗೆಯಿಂದ ಬರುವ ಮಂಪರು ಈ ತಾಯಿಯಲ್ಲ ಎಂಬುದನ್ನು ಮೊದಲೇ ನೆನಪಿನಲ್ಲಿಡಬೇಕು.

ಆಧುನಿಕ ವಿಜ್ಞಾನವೂ ಇದಕ್ಕೆ ದೂರವಾದ ಮಾತನ್ನು ಹೇಳುವುದಿಲ್ಲ. ನಿದ್ರೆಯನ್ನು ಎರಡು ಶಕ್ತಿಗಳು ನಡೆಸುತ್ತವೆ. ಒಂದು, ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಸಂಗ್ರಹವಾಗುತ್ತ ಹೋಗುವ ನಿದ್ರೆಯ ಒತ್ತಡ. ಇನ್ನೊಂದು, ಹಗಲು ರಾತ್ರಿಗಳನ್ನು ಅಳೆಯುವ ದೇಹದೊಳಗಿನ ಗಡಿಯಾರ. ಬೆಳಕು ಕಡಿಮೆಯಾದಾಗ ಮೆಲಟೋನಿನ್ ಎಂಬ ರಸ ಸ್ರವಿಸಿ ದೇಹಕ್ಕೆ ರಾತ್ರಿಯಾಯಿತೆಂಬ ಸೂಚನೆ ಕೊಡುತ್ತದೆ. ಈ ಗಡಿಯಾರ ಜೀವಕೋಶಗಳಲ್ಲಿ ಹೇಗೆ ಕೆಲಸ ಮಾಡುತ್ತದೆಂದು ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಮಧ್ಯಾಹ್ನ ಎರಡು ತಾಸು ಮಲಗಿದವನಿಗೆ ರಾತ್ರಿಯ ಒತ್ತಡ ಸಾಲದು. ರಾತ್ರಿ 12ರವರೆಗೆ ಮೊಬೈಲಿನ ಬೆಳಕು ನೋಡಿದವನಿಗೆ ಗಡಿಯಾರ ತಪ್ಪುತ್ತದೆ. ನಿದ್ರೆಯ ಅರ್ಧ ದೂರುಗಳಿಗೆ ಉತ್ತರ ಈ ಎರಡು ಮಾತುಗಳಲ್ಲಿಯೇ ಇದೆ.

ಪ್ರಾಪ್ತ ವಯಸ್ಕರಿಗೆ ಏಳು ತಾಸಿನಷ್ಟು, ಹದಿಹರೆಯದವರಿಗೆ ಎಂಟರಿಂದ ಹತ್ತು ತಾಸು, ಶಾಲಾ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡು ತಾಸು ನಿದ್ರೆ ಬೇಕು. ಹಾಸಿಗೆಗೆ ಹೋದರೂ ನಿದ್ರೆ ಹತ್ತದಿರುವುದು, ನಡುರಾತ್ರಿ ಎಚ್ಚರವಾಗಿ ಮತ್ತೆ ಬಾರದಿರುವುದು, ಬೆಳಗಾಗುವ ಮೊದಲೇ ಎಚ್ಚರವಾಗುವುದು, ಇವು ವಾರಕ್ಕೆ ಮೂರು ರಾತ್ರಿಯಾದರೂ ಇದ್ದು, ಮೂರು ತಿಂಗಳು ಮುಂದುವರಿದು, ಹಗಲಿನ ಕೆಲಸವನ್ನು ಕೆಡಿಸಿದರೆ ಅದನ್ನು ದೀರ್ಘಕಾಲದ ನಿದ್ರಾನಾಶ ಎನ್ನುತ್ತೇವೆ. ಮಲಗಲು ಅವಕಾಶವಿದ್ದೂ ನಿದ್ರೆ ಬಾರದಿದ್ದಾಗ ಮಾತ್ರ ಈ ಹೆಸರು ಸಲ್ಲುತ್ತದೆ. ಅವಕಾಶವೇ ಇಲ್ಲದವನ ಸಮಸ್ಯೆ ಬೇರೆ. ಅವನಿಗೆ ಬೇಕಾದದ್ದು ಔಷಧವಲ್ಲ, ಸಮಯ.

ಐದು ಕಾರಣಗಳು

ನಿದ್ರೆ ಕೆಡುವುದಕ್ಕೆ ಚರಕರು ಐದು ಕಾರಣಗಳನ್ನು ಹೇಳಿದ್ದಾರೆ: ಕಾರ್ಯ, ಕಾಲ, ವಿಕಾರ, ಪ್ರಕೃತಿ ಮತ್ತು ವಾಯು. ಇಷ್ಟು ಹಳೆಯ ಪಟ್ಟಿ ಇಂದಿಗೂ ಚಿಕಿತ್ಸಾಲಯದ ಮೇಜಿನ ಮೇಲೆ ಇಟ್ಟುಕೊಳ್ಳುವಷ್ಟು ಉಪಯುಕ್ತವಾಗಿದೆ. ನಮ್ಮ ಎರಡು ತಾಲ್ಲೂಕುಗಳ ಬದುಕಿಗೆ ಅದನ್ನು ಹೊಂದಿಸಿ ನೋಡೋಣ.

ಮೊದಲನೆಯದು ಕಾರ್ಯ. ಪುಣೆ–ಹೈದರಾಬಾದ್ ಹೆದ್ದಾರಿ ನಮ್ಮ ನೆಲದ ಮೇಲೆಯೇ ಹಾದುಹೋಗುತ್ತದೆ. ಬಸವಕಲ್ಯಾಣ ಭಾಗದ ಎಷ್ಟೋ ಕುಟುಂಬಗಳು ಲಾರಿಯನ್ನೇ ನಂಬಿ ಬದುಕುತ್ತಿವೆ. ಹುಮನಾಬಾದಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿಯಿದೆ. ಪಂಪ್‌ಸೆಟ್ಟಿಗೆ ಮೂರು ಫೇಸ್ ವಿದ್ಯುತ್ತು ರಾತ್ರಿಯ ಪಾಳಿಯಲ್ಲಿ ಬಂದರೆ ರೈತ ಆ ಹೊತ್ತಿನಲ್ಲಿಯೇ ಕಬ್ಬಿಗೆ ನೀರು ಬಿಡಬೇಕು. ಬೆಳೆ ಕೈಗೆ ಬರುವ ಕಾಲಕ್ಕೆ ಹಂದಿ ಕಾಯಲು ಹೊಲದಲ್ಲಿಯೇ ಉಳಿಯಬೇಕು. ನೀಟ್ ಪರೀಕ್ಷೆಗೆ ಓದುವ ಮಕ್ಕಳು ರಾತ್ರಿ ಒಂದರವರೆಗೆ ಪುಸ್ತಕ ಹಿಡಿಯುತ್ತಾರೆ. ಇವರೆಲ್ಲರಿಗೂ ರೋಗವಿಲ್ಲ. ಆದರೆ ವರ್ಷಗಟ್ಟಲೆ ಹೀಗೆ ನಡೆದರೆ ಒಳಗಿನ ಗಡಿಯಾರ ಕೆಟ್ಟು, ಕೊನೆಗೆ ಅವಕಾಶ ಸಿಕ್ಕಾಗಲೂ ನಿದ್ರೆ ಬಾರದಾಗುತ್ತದೆ.

ಎರಡನೆಯದು ಕಾಲ. ಇದನ್ನು ವಯಸ್ಸು ಎಂದು ತಿಳಿಯಬಹುದು. ವಯಸ್ಸಾದಂತೆ ಗಾಢನಿದ್ರೆ ಕಡಿಮೆಯಾಗಿ, ನಿದ್ರೆ ಹಗುರವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಹಿರಿಯರು ಎಂಟು ಗಂಟೆಗೆ ಉಂಡು ಎಂಟೂವರೆಗೆ ಮಲಗುತ್ತಾರೆ. ಮೂರು ಗಂಟೆಗೆ ಎಚ್ಚರವಾದೊಡನೆ ನಿದ್ರೆ ಕೆಟ್ಟಿತೆಂದು ಚಿಂತಿಸುತ್ತಾರೆ. ಲೆಕ್ಕ ಹಾಕಿದರೆ ಅವರು ಆರೂವರೆ ತಾಸು ಮಲಗಿರುತ್ತಾರೆ! ಇವರಿಗೆ ಗುಳಿಗೆ ಕೊಡುವುದು ಇಲ್ಲದ ರೋಗಕ್ಕೆ ಮದ್ದು ಕೊಟ್ಟಂತೆ. ಮಲಗುವ ಹೊತ್ತನ್ನು ಒಂದೂವರೆ ತಾಸು ಮುಂದೂಡಿ, ಮಧ್ಯಾಹ್ನದ ಮಲಗುವಿಕೆಯನ್ನು ಅರ್ಧ ತಾಸಿಗೆ ಇಳಿಸಿದರೆ ಬಹಳಷ್ಟು ಜನರ ದೂರು ಅಲ್ಲಿಗೇ ತಗ್ಗುತ್ತದೆ.

ಮೂರನೆಯದು ವಿಕಾರ, ಅಂದರೆ ಬೇರೆ ರೋಗ. ಹುಡುಕದೆ ಬಿಟ್ಟರೆ ಅಪಾಯ ತರುವ ಕಾರಣ ಇದು. ಸಕ್ಕರೆ ಕಾಯಿಲೆಯವರು ಮತ್ತು ಪ್ರೋಸ್ಟೇಟ್ ಗ್ರಂಥಿ ಬೆಳೆದ ಗಂಡಸರು ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ. ಥೈರಾಯ್ಡ್ ಹೆಚ್ಚಾದವರಿಗೆ ಎದೆ ಬಡಿತ, ಬೆವರು ಮತ್ತು ಚಡಪಡಿಕೆ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದ ತಾಯಂದಿರಿಗೆ ಮಲಗಿದೊಡನೆ ಕಾಲುಗಳಲ್ಲಿ ಏನೋ ಹರಿದಾಡಿದಂತಾಗಿ, ಕಾಲು ಅಲ್ಲಾಡಿಸದೆ ಇರಲಾಗದು. ಹುಳಿತೇಗು, ಸಂಧಿಶೂಲ, ದಮ್ಮು, ಋತುಬಂಧದ ಕಾಲದ ಮೈಬಿಸಿ, ಇವೆಲ್ಲವೂ ನಿದ್ರೆಯನ್ನು ಕದಿಯುತ್ತವೆ. ಇನ್ನೊಂದು ರೋಗದ ಹೆಸರು ಎಲ್ಲರಿಗೂ ಗೊತ್ತಿರಬೇಕು: ನಿದ್ರಾ ಶ್ವಾಸಸ್ತಂಭನ. ಜೋರಾಗಿ ಗೊರಕೆ ಹೊಡೆಯುವವರು ನಡುವೆ ಉಸಿರು ನಿಲ್ಲಿಸಿ, ಮತ್ತೆ ಗಕ್ಕನೆ ಉಸಿರೆಳೆದುಕೊಳ್ಳುತ್ತಾರೆ. ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ, ಔಷಧಕ್ಕೆ ಬಗ್ಗದ ರಕ್ತದೊತ್ತಡ ಇದರ ಲಕ್ಷಣಗಳು. ಇಂಥವರಿಗೆ ನಿದ್ರೆಯ ಗುಳಿಗೆ ಕೊಟ್ಟರೆ ಉಸಿರಾಟ ಇನ್ನಷ್ಟು ಕುಗ್ಗುತ್ತದೆ. ಗೊರಕೆಯನ್ನು ಸುಖನಿದ್ರೆಯ ಗುರುತೆಂದು ನಗುವುದನ್ನು ಬಿಟ್ಟು, ಪಕ್ಕದಲ್ಲಿ ಮಲಗುವವರು ಅದನ್ನು ಗಮನಿಸಿ ವೈದ್ಯರಿಗೆ ಹೇಳಬೇಕು.

ನಾಲ್ಕನೆಯದು ಪ್ರಕೃತಿ. ಕೆಲವರು ಹುಟ್ಟಿನಿಂದಲೇ ಅಲ್ಪನಿದ್ರೆಯವರು. ಐದೂವರೆ ತಾಸು ಮಲಗಿ ಹಗಲೆಲ್ಲ ಲವಲವಿಕೆಯಿಂದ ದುಡಿಯುವವರಿಗೆ ಚಿಕಿತ್ಸೆ ಬೇಡ. ಇಂಥವರು ವಿರಳ ಎಂಬುದನ್ನೂ ಮರೆಯಬಾರದು.

ಐದನೆಯದು ವಾಯು. ಅತಿಯಾದ ಉಪವಾಸ, ಒಣ ಆಹಾರ, ಅಕಾಲ ಭೋಜನ, ಪ್ರಯಾಣ, ಮತ್ತು ಎಲ್ಲಕ್ಕೂ ಮಿಗಿಲಾಗಿ ಚಿಂತೆ, ಶೋಕ, ಭಯಗಳಿಂದ ವಾತ ಪ್ರಕೋಪಗೊಳ್ಳುತ್ತದೆ. ಮಗಳ ಮದುವೆ, ತೊಗರಿಯ ಬೆಲೆ, ಸಾಲದ ಬಡ್ಡಿ, ಮಗನ ಕುಡಿತ ಎಲ್ಲವೂ ದೀಪ ಆರಿಸಿದ ಮೇಲೆ ಒಂದೊಂದಾಗಿ ತಲೆಯೊಳಗೆ ಬಂದು ಕೂರುತ್ತವೆ. ಕೆಲವು ದಿನ ಹೀಗಾದ ಮೇಲೆ, ಇವತ್ತಾದರೂ ನಿದ್ರೆ ಬಂದೀತೋ ಇಲ್ಲವೋ ಎಂಬ ಚಿಂತೆಯೇ ಹೊಸ ಕಾರಣವಾಗಿ ನಿಲ್ಲುತ್ತದೆ. ಮೊದಲಿನ ಚಿಂತೆ ತೀರಿದರೂ ಎರಡನೆಯದು ಉಳಿದುಬಿಡುತ್ತದೆ. ದೀರ್ಘಕಾಲದ ನಿದ್ರಾನಾಶ ಬೇರೂರುವ ಬಗೆ ಸಾಮಾನ್ಯವಾಗಿ ಇದೇ.

ಗುಳಿಗೆಯ ಮಾತು

ಆಲ್‌ಪ್ರಜೋಲಾಮ್, ಕ್ಲೊನಾಜಿಪಾಮ್ ಮೊದಲಾದ ಗುಳಿಗೆಗಳನ್ನು ನಾನು ದೂಷಿಸುವುದಿಲ್ಲ. ತೀವ್ರವಾದ ಶೋಕ ಅಥವಾ ಗಾಬರಿಯಲ್ಲಿ ಕೆಲವೇ ದಿನ, ತಜ್ಞರ ಸಲಹೆಯಂತೆ ಕೊಟ್ಟಾಗ ಅವು ಉಪಕಾರಿಗಳೇ. ದೋಷವಿರುವುದು ಅವು ಮನೆಯ ದಿನಸಿಯಂತೆ ಆಗಿಬಿಟ್ಟಿರುವುದರಲ್ಲಿ. ಗಂಡ ತೀರಿಕೊಂಡಾಗ ಹದಿನೈದು ದಿನಕ್ಕೆಂದು ಬರೆದುಕೊಟ್ಟ ಗುಳಿಗೆಯನ್ನು ಹತ್ತು ವರ್ಷ ನುಂಗುತ್ತಿರುವ ತಾಯಂದಿರು ನಮ್ಮಲ್ಲಿದ್ದಾರೆ. ಹಳೆಯ ಚೀಟಿ ಹಿಡಿದು ಯಾರೋ ಹೋಗಿ ತರುತ್ತಾರೆ; ಕೆಲವೊಮ್ಮೆ ಚೀಟಿಯೂ ಬೇಕಾಗುವುದಿಲ್ಲ. ಆದರೆ ಕಾನೂನು ಹಾಗಿಲ್ಲ. ಈ ಗುಂಪಿನ ಹಲವು ಗುಳಿಗೆಗಳು 2014ರ ಮಾರ್ಚಿನಿಂದ ಎಚ್–1 ಅನುಸೂಚಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಅವುಗಳನ್ನು ಮಾರುವಂತಿಲ್ಲ. ವೈದ್ಯರ ಮತ್ತು ರೋಗಿಯ ಹೆಸರನ್ನು ಅಂಗಡಿಯವರು ಪ್ರತ್ಯೇಕ ದಾಖಲೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಕಾನೂನು ಇಷ್ಟು ಕಟ್ಟುನಿಟ್ಟಾಗಿರಲು ಕಾರಣವಿದೆ.

ಕೆಲವು ವಾರಗಳಲ್ಲಿಯೇ ದೇಹ ಈ ಗುಳಿಗೆಗೆ ಒಗ್ಗಿಕೊಂಡು ಮೊದಲಿನ ಪ್ರಮಾಣ ಸಾಲದಾಗುತ್ತದೆ. ನೆನಪು ಮಂಕಾಗುತ್ತದೆ. ಹಿರಿಯರು ರಾತ್ರಿ ಮೂತ್ರಕ್ಕೆ ಎದ್ದಾಗ ತೂಕ ತಪ್ಪಿ ಬೀಳುತ್ತಾರೆ. ತೊಡೆಯ ಸಂಧಿಯ ಮೂಳೆ ಮುರಿದು ಹಾಸಿಗೆ ಹಿಡಿದ ಅಜ್ಜಿಯ ಮನೆಯವರನ್ನು ವಿಚಾರಿಸಿದರೆ, ದಿಂಬಿನ ಕೆಳಗೆ ಗುಳಿಗೆಯ ಪಟ್ಟಿ ಇತ್ತೆಂದು ತಿಳಿಯುವುದುಂಟು. ಮದ್ಯದ ಜೊತೆ ಸೇರಿದರೆ ಈ ಗುಳಿಗೆ ಉಸಿರಾಟವನ್ನೇ ಕುಗ್ಗಿಸಿ ಪ್ರಾಣಕ್ಕೆ ಎರವಾಗಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ದಯವಿಟ್ಟು ಗಮನಿಸಬೇಕು. ಈ ಲೇಖನ ಓದಿ ಯಾರೂ ಬಹುದಿನಗಳ ಗುಳಿಗೆಯನ್ನು ಇಂದೇ ಎಸೆಯಬಾರದು. ಥಟ್ಟನೆ ನಿಲ್ಲಿಸಿದರೆ ನಡುಕ, ತೀವ್ರ ಚಡಪಡಿಕೆ, ಮೂರ್ಛೆ ಬರುವ ಸಂಭವವಿದೆ. ಬರೆದುಕೊಟ್ಟ ವೈದ್ಯರಲ್ಲಿಗೇ ಹೋಗಿ, ಅವರು ಹೇಳಿದಂತೆ ವಾರಗಳ ಅಥವಾ ತಿಂಗಳುಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಮದ್ಯದ ಬಗ್ಗೆಯೂ ಎರಡು ಮಾತು. ಒಂದಿಷ್ಟು ಕುಡಿದರೆ ನಿದ್ರೆ ಬರುತ್ತದೆ ಎನ್ನುವವರಿದ್ದಾರೆ. ಮದ್ಯ ಬೇಗ ಮಲಗಿಸುತ್ತದೆ ಎಂಬುದು ನಿಜ. ಆದರೆ ರಾತ್ರಿಯ ಎರಡನೆಯ ಅರ್ಧವನ್ನು ಒಡೆದು ಚೂರು ಮಾಡುತ್ತದೆ. ಎರಡು ಗಂಟೆಗೆ ಬಾಯಿ ಒಣಗಿ ಎಚ್ಚರವಾಗುವುದು ಅದರ ಫಲ.

ನಮ್ಮ ಮೂಲಿಕೆಗಳ ಮಾತು

ಆಯುರ್ವೇದ ವೈದ್ಯನಾಗಿ ಇನ್ನೊಂದು ಸತ್ಯವನ್ನೂ ಹೇಳಲೇಬೇಕು. ಗಿಡಮೂಲಿಕೆಯಿಂದ ಯಾವ ತೊಂದರೆಯೂ ಆಗದು ಎಂಬ ನಂಬಿಕೆ ತಪ್ಪು. ಸರ್ಪಗಂಧಿಯ ಉದಾಹರಣೆಯನ್ನೇ ನೋಡಿ. ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು 1931ರಲ್ಲಿ ಉನ್ಮಾದ ಮತ್ತು ರಕ್ತದೊತ್ತಡಗಳಲ್ಲಿ ಇದರ ಗುಣವನ್ನು ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅವರ ಲೇಖನ ಇದನ್ನು ಜಗತ್ತಿನ ಗಮನಕ್ಕೆ ತಂದಿತು. 1952ರಲ್ಲಿ ಇದರಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. ಇಷ್ಟು ಶಕ್ತಿಯುಳ್ಳ ಮೂಲಿಕೆ ರಕ್ತದೊತ್ತಡವನ್ನು ಇಳಿಸುತ್ತದೆ. ಕೆಲವರಲ್ಲಿ ಮನಸ್ಸನ್ನು ಖಿನ್ನತೆಗೆ ತಳ್ಳುತ್ತದೆ. ಖಿನ್ನತೆಯಿಂದಲೇ ನಿದ್ರೆಗೆಟ್ಟವನು ಸರ್ಪಗಂಧಿಯ ವಟಿಯನ್ನು ತಾನೇ ತಂದು ನುಂಗಿದರೆ ಏನಾದೀತೆಂದು ಯೋಚಿಸಿ.

ಅಶ್ವಗಂಧ ನಿದ್ರೆಗೆ ಸಹಾಯಕವೆಂದು ಸಣ್ಣ ಪ್ರಮಾಣದ ಆಧುನಿಕ ಅಧ್ಯಯನಗಳೂ ಹೇಳಿವೆ. ಆದರೂ ಗರ್ಭಿಣಿಯರು, ಯಕೃತ್ತಿನ ರೋಗವುಳ್ಳವರು, ಥೈರಾಯ್ಡ್ ಗುಳಿಗೆ ಸೇವಿಸುವವರು ವೈದ್ಯರನ್ನು ಕೇಳದೆ ಅದನ್ನು ತೆಗೆದುಕೊಳ್ಳಬಾರದು. ಜಾಯಿಕಾಯಿಯನ್ನು ಹಾಲಿನಲ್ಲಿ ತೇಯ್ದು ಕುಡಿಯುವ ರೂಢಿ ನಮ್ಮ ಮನೆಗಳಲ್ಲಿದೆ. ದೊಡ್ಡವರಿಗೆ ಚಿಟಿಕೆಯಷ್ಟು ಸಾಕು. ಹೆಚ್ಚಾದರೆ ಅದು ವಿಷ. ಅಳುವ ಕೂಸಿಗೆ ಜಾಯಿಕಾಯಿಯನ್ನಾಗಲಿ ಗಸಗಸೆಯನ್ನಾಗಲಿ ತೇಯ್ದು ನೆಕ್ಕಿಸುವ ಪದ್ಧತಿಯನ್ನು ಪೂರ್ಣವಾಗಿ ಬಿಡಬೇಕು. ಘಟಕಗಳ ಹೆಸರು, ಪರವಾನಗಿ ಸಂಖ್ಯೆ, ತಯಾರಿಸಿದ ದಿನಾಂಕ ಇಲ್ಲದ ಪೊಟ್ಟಣದ ಪುಡಿಗಳನ್ನು, ಅದು ಎಷ್ಟೇ ಬೇಗ ನಿದ್ರೆ ತರಿಸಿದರೂ, ನಂಬಬಾರದು. ಮೂಲಿಕೆಯ ಪುಡಿ ಹದಿನೈದೇ ನಿಮಿಷದಲ್ಲಿ ಮಂಪರು ತಂದಿತೆಂದರೆ ಅದರಲ್ಲಿ ಬೇರೇನೋ ಸೇರಿದೆಯೇ ಎಂದು ಸಂಶಯಪಡುವುದೇ ಜಾಣತನ.

ಚಿಕಿತ್ಸೆಯ ಮೊದಲ ಮೆಟ್ಟಿಲು

ಹಾಗಾದರೆ ಏನು ಮಾಡಬೇಕು? ಮೊದಲನೆಯ ಔಷಧ ಒಂದು ನೋಟ್‌ಬುಕ್ಕು. ಎರಡು ವಾರ ಪ್ರತಿದಿನ ಬೆಳಿಗ್ಗೆ ನಾಲ್ಕು ಸಂಗತಿ ಬರೆದಿಡಬೇಕು: ಹಾಸಿಗೆಗೆ ಹೋದ ಸಮಯ, ನಿದ್ರೆ ಹತ್ತಿದ ಅಂದಾಜು ಸಮಯ, ಎದ್ದ ಸಮಯ, ಹಗಲು ಮಲಗಿದ ಹೊತ್ತು. ಚಹಾ, ಗುಟಕಾ, ತಂಬಾಕಿನ ಲೆಕ್ಕವನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು. ಬರೆಯಲು ಬಾರದವರಿಗೆ ಮೊಮ್ಮಕ್ಕಳು ಬರೆದುಕೊಡಲಿ. ಈ ಪುಸ್ತಕವನ್ನು ನೋಡಿದ ವೈದ್ಯರಿಗೆ ಅರ್ಧ ರೋಗನಿದಾನ ಆದಂತೆಯೇ.

ಎರಡನೆಯದು, ಏಳುವ ಸಮಯವನ್ನು ಕಟ್ಟಿಹಾಕುವುದು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು. ಎದ್ದೊಡನೆ ಹೊರಗಿನ ಬೆಳಕಿನಲ್ಲಿ ಅರ್ಧ ತಾಸು ನಡೆಯಬೇಕು. ಚರಕರು ನಿದ್ರೆ ತರಿಸುವ ಉಪಾಯಗಳಲ್ಲಿ ಒಳ್ಳೆಯ ಹಾಸಿಗೆ, ಸುಖಕರವಾದ ಮನೆಗಳ ಜೊತೆಗೆ ರೂಢಿಯಾದ ಸಮಯವನ್ನೂ ಎಣಿಸಿದ್ದಾರೆ ಎಂಬುದು ಗಮನಾರ್ಹ.

ಮೂರನೆಯದು, ಹಾಸಿಗೆ ನಿದ್ರೆಗೆ ಮಾತ್ರ. ಅಲ್ಲಿ ಮೊಬೈಲ್, ಟಿವಿ, ಲೆಕ್ಕಪತ್ರ, ಮನೆಯ ಜಗಳ ಬೇಡ. ಮಲಗಿ ಇಪ್ಪತ್ತು ನಿಮಿಷದಷ್ಟಾದರೂ ನಿದ್ರೆ ಬಾರದಿದ್ದರೆ ಹೊರಳಾಡುತ್ತ ಬಿದ್ದಿರಬಾರದು. ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಕುಳಿತು ಮಂತ್ರಸ್ಮರಣೆ ಮಾಡಬಹುದು, ವಚನ ಓದಬಹುದು. ಕಣ್ಣು ತೂಗತೊಡಗಿದ ಮೇಲೆಯೇ ಹಾಸಿಗೆಗೆ ಮರಳಬೇಕು. ಗಡಿಯಾರವನ್ನು ಕಣ್ಣಿಗೆ ಕಾಣದಂತೆ ಇಡಬೇಕು.

ನಾಲ್ಕನೆಯದು ಸ್ವಲ್ಪ ಕಠಿಣ, ಆದರೆ ಬಹಳ ಫಲಕಾರಿ. ಒಬ್ಬರು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಒಂಬತ್ತು ತಾಸು ಹಾಸಿಗೆಯಲ್ಲಿದ್ದು, ನಿಜವಾಗಿ ಐದೂವರೆ ತಾಸು ಮಾತ್ರ ಮಲಗುತ್ತಾರೆಂದುಕೊಳ್ಳಿ. ಅವರು ಕೆಲವು ವಾರ ರಾತ್ರಿ 11.30ಕ್ಕೆ ಮಲಗಿ 5.30ಕ್ಕೆ ಏಳಬೇಕು. ಮೊದಲ ವಾರ ಹಗಲು ತೂಕಡಿಕೆ ಬರುತ್ತದೆ. ಆದರೆ ಒತ್ತಡ ಹೆಚ್ಚಿ, ಒಡೆದ ನಿದ್ರೆ ಒಂದುಗೂಡುತ್ತದೆ. ಹಾಸಿಗೆಯಲ್ಲಿನ ಬಹುಪಾಲು ಹೊತ್ತು ನಿದ್ರೆಯಲ್ಲಿ ಕಳೆಯತೊಡಗಿದ ಮೇಲೆ ವಾರಕ್ಕೆ 15 ನಿಮಿಷದಂತೆ ಅವಧಿಯನ್ನು ಹೆಚ್ಚಿಸುತ್ತ ಹೋಗಬೇಕು. ಐದು ತಾಸಿಗಿಂತ ಕಡಿಮೆ ಎಂದೂ ಮಾಡಬಾರದು. ವಾಹನ ಓಡಿಸುವವರು, ಮೂರ್ಛೆರೋಗ ಅಥವಾ ತೀವ್ರ ಮನೋರೋಗ ಉಳ್ಳವರು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಇದನ್ನು ಮಾಡಬಾರದು.

ಈ ಕ್ರಮಗಳಿಗೆ ಮನಸ್ಸಿನ ತಪ್ಪು ಭಯಗಳನ್ನು ತಿದ್ದುವ ಮಾತುಕತೆಯನ್ನು ಸೇರಿಸಿ ರೂಪಿಸಿದ ಚಿಕಿತ್ಸೆಯನ್ನು, ದೀರ್ಘಕಾಲದ ನಿದ್ರಾನಾಶಕ್ಕೆ ಗುಳಿಗೆಗಿಂತ ಮೊದಲು ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯೇ 2016ರಲ್ಲಿ ಶಿಫಾರಸು ಮಾಡಿತು. ಗುಳಿಗೆಗಳ ತವರಿನಲ್ಲಿಯೇ ಗುಳಿಗೆ ಎರಡನೆಯ ಸ್ಥಾನಕ್ಕೆ ಇಳಿದಿರುವಾಗ ನಾವು ಅದನ್ನು ಮೊದಲ ಸ್ಥಾನದಲ್ಲಿ ಕೂಡಿಸುವುದು ಯಾವ ನ್ಯಾಯ?

ಇವುಗಳ ಜೊತೆಗೆ ನಮ್ಮ ಪದ್ಧತಿಯ ಸರಳ ಉಪಾಯಗಳು ಸೇರಲಿ. ಮಲಗುವ ಮುನ್ನ ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಅಂಗಾಲಿಗೆ ಹತ್ತು ನಿಮಿಷ ಪಾದಾಭ್ಯಂಗ. ಎಣ್ಣೆ ಒರೆಸಿದ ಮೇಲೆಯೇ ನೆಲಕ್ಕೆ ಕಾಲಿಡಬೇಕು, ಜಾರಿ ಬೀಳುವುದುಂಟು. ವಾರಕ್ಕೆರಡು ಸಲ ತಲೆಗೆ ಎಣ್ಣೆ ಹಚ್ಚಿ ಸ್ನಾನ. ನಿದ್ರೆ ತರುವ ದ್ರವ್ಯಗಳಲ್ಲಿ ಎಮ್ಮೆಯ ಹಾಲು ಶ್ರೇಷ್ಠವೆಂದು ಚರಕರು ಹೇಳಿದ್ದಾರೆ. ನಮ್ಮ ಭಾಗದಲ್ಲಿ ಅದಕ್ಕೆ ಕೊರತೆಯಿಲ್ಲ. ಸಕ್ಕರೆ ಕಾಯಿಲೆ, ಸ್ಥೂಲಕಾಯ ಇಲ್ಲದವರು ರಾತ್ರಿ ಊಟದ ನಂತರ ಅರ್ಧ ಲೋಟ ಕುಡಿಯಬಹುದು. ಮಲಗುವ ಎರಡು ತಾಸು ಮೊದಲೇ ಊಟ ಮುಗಿಯಲಿ. ಚಹಾದ ಪ್ರಭಾವ ಅರ್ಧಕ್ಕೆ ಇಳಿಯಲು ಐದು ತಾಸಿನಷ್ಟು ಬೇಕಾಗುವುದರಿಂದ ಸಂಜೆ 4ರ ನಂತರ ಅದನ್ನು ಬಿಡುವುದು ಲೇಸು. ಶಿರೋಧಾರೆ, ಬ್ರಾಹ್ಮಿ, ಜಟಾಮಾಂಸಿ ಮೊದಲಾದವುಗಳಿಗೆ ತಮ್ಮದೇ ಸ್ಥಾನವಿದೆ. ಆದರೆ ಅವನ್ನು ರೋಗಿಯ ಪ್ರಕೃತಿ, ವಯಸ್ಸು, ಸೇವಿಸುತ್ತಿರುವ ಬೇರೆ ಔಷಧಗಳನ್ನು ನೋಡಿ ವೈದ್ಯರು ನಿರ್ಧರಿಸಬೇಕು. ದಿನಚರ್ಯೆ ತಿದ್ದದೆ ಮಾಡಿಸಿದ ಶಿರೋಧಾರೆ ತೂತು ಕೊಡಕ್ಕೆ ನೀರು ತುಂಬಿದಂತೆ.

ತಡಮಾಡಬಾರದ ಸಂದರ್ಭಗಳು

ಬೆಳಗಿನ ಮೂರು ಗಂಟೆಗೆ ಎಚ್ಚರವಾಗಿ, ಬದುಕಿ ಏನು ಪ್ರಯೋಜನ ಎಂಬ ಯೋಚನೆ ಬರುವುದು, ಯಾವುದರಲ್ಲಿಯೂ ಆಸಕ್ತಿ ಇಲ್ಲದಾಗುವುದು, ಊಟ ರುಚಿಸದಿರುವುದು ಖಿನ್ನತೆಯ ಗುರುತುಗಳು. ಸಾಲದಲ್ಲಿರುವ ರೈತ, ಒಂಟಿಯಾದ ವೃದ್ಧೆ, ಬಾಣಂತಿ, ಪರೀಕ್ಷೆಯ ಭಯದ ವಿದ್ಯಾರ್ಥಿ, ಇವರಲ್ಲಿ ಯಾರೇ ನಿದ್ರೆ ಬರುತ್ತಿಲ್ಲ ಎಂದರೂ ಮನೆಯವರು ಮನಸ್ಸು ಹೇಗಿದೆ ಎಂದು ಮುಂದಿನ ಪ್ರಶ್ನೆಯನ್ನು ಕೇಳಲೇಬೇಕು. ನಿದ್ರೆಯ ದೂರಿನ ಹಿಂದೆ ಅಡಗಿದ ಆತ್ಮಹತ್ಯೆಯ ಯೋಚನೆ ಸಕಾಲದಲ್ಲಿ ಕೇಳಿದರೆ ಹೊರಗೆ ಬರುತ್ತದೆ. ಕೇಳುವುದರಿಂದ ಅದು ಹೆಚ್ಚುವುದಿಲ್ಲ. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮನೋವೈದ್ಯರ ಸೇವೆ ಯಾವ ದಿನ ದೊರೆಯುತ್ತದೆಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮನೋವೈದ್ಯರಲ್ಲಿಗೆ ಹೋಗುವುದು ಅವಮಾನವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಆಯುರ್ವೇದ, ಯೋಗ ಮತ್ತು ಆಧುನಿಕ ಮನೋವೈದ್ಯ ಒಂದೇ ಸೂರಿನಡಿ ಕೆಲಸ ಮಾಡುತ್ತಿರುವಾಗ ನಾವು ಇಲ್ಲಿ ಆ ಪದ್ಧತಿ, ಈ ಪದ್ಧತಿ ಎಂದು ಹಟ ಹಿಡಿಯಬೇಕಾಗಿಲ್ಲ.

ಗೊರಕೆಯ ನಡುವೆ ಉಸಿರು ನಿಲ್ಲುವವರು, ಮಲಗಿದರೆ ದಮ್ಮು ಬಂದು ಎದ್ದು ಕೂರುವವರು, ಎರಡು ಮೂರು ದಿನ ನಿದ್ರೆಯಿಲ್ಲದಿದ್ದರೂ ದಣಿವಿಲ್ಲದೆ ಅತಿಯಾಗಿ ಮಾತನಾಡುತ್ತ ಹಣ ಖರ್ಚು ಮಾಡುವವರು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕಾಯಕ ಮತ್ತು ನಿದ್ರೆ

ಕಡಿಮೆ ಮಲಗುವುದೇ ದೊಡ್ಡ ಸಾಧನೆ ಎಂಬ ಭಾವನೆ ಕೆಲವು ಭಕ್ತರಲ್ಲಿದೆ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಇಷ್ಟಲಿಂಗ ಪೂಜೆ ಮಾಡುವುದು ಅತ್ಯಂತ ಶ್ರೇಯಸ್ಕರ. ಆದರೆ ವಾಗ್ಭಟರು ಆ ಹೊತ್ತಿಗೆ ಏಳುವ ನಿಯಮವನ್ನು ಸ್ವಸ್ಥನಿಗೆ ಹೇಳಿದ್ದಾರೆಂಬುದನ್ನು ಮರೆಯಬಾರದು. ನಾಲ್ಕೂವರೆಗೆ ಏಳಬೇಕೆನ್ನುವವರು ಒಂಬತ್ತೂವರೆಗೆ ಮಲಗಬೇಕು. ಹನ್ನೊಂದರವರೆಗೆ ಧಾರಾವಾಹಿ ನೋಡಿ ನಾಲ್ಕಕ್ಕೆ ಎದ್ದರೆ ಅದು ಸಾಧನೆಯಲ್ಲ, ದೇಹದ ಮೇಲಿನ ಸಾಲ. ದೇಹವನ್ನೇ ದೇವಾಲಯವೆಂದು ಕಂಡ ಶರಣರ ನೆಲ ಇದು. ಆ ದೇವಾಲಯದ ದುರಸ್ತಿ ನಡೆಯುವುದು ರಾತ್ರಿಯ ನಿದ್ರೆಯಲ್ಲಿ.

ಕಲ್ಯಾಣದ ಶರಣರು ಕಾಯಕಕ್ಕೆ ಕೊಟ್ಟ ಗೌರವ ದೊಡ್ಡದು. ಅಂಬಿಗರ ಚೌಡಯ್ಯನವರು ಜನರನ್ನು ಹೊಳೆ ದಾಟಿಸಿದವರು. ಇಂದಿನ ಲಾರಿ, ಬಸ್ಸುಗಳ ಚಾಲಕರೂ ಅಂಥ ಕಾಯಕದವರೇ. ಅವರ ಎಚ್ಚರದ ಮೇಲೆ ಬೇರೆಯವರ ಪ್ರಾಣ ನಿಂತಿದೆ. ಸತತ 17 ತಾಸು ಎಚ್ಚರವಿದ್ದವನ ಕೈ–ಕಣ್ಣುಗಳ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವನಷ್ಟೇ ಕುಗ್ಗಿರುತ್ತದೆಂದು 1997ರಲ್ಲಿಯೇ ಪ್ರಯೋಗದಿಂದ ತೋರಿಸಲಾಗಿದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿಲಿಗ್ರಾಂ. ಅಂದರೆ ಒಂದು ಹನಿಯನ್ನೂ ಮುಟ್ಟದ ಚಾಲಕ ಬರಿಯ ನಿದ್ರೆಗೇಡಿನಿಂದ ಕುಡಿದವನಂತೆ ವಾಹನ ನಡೆಸುತ್ತಿರಬಹುದು. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ತಾಸಿನ ದುಡಿಮೆಯ ಮಿತಿಯನ್ನು 1961ರಲ್ಲಿಯೇ ಹಾಕಿತ್ತು. ಲಾರಿ ಇಟ್ಟುಕೊಂಡಿರುವ ನಮ್ಮ ಭಕ್ತರು ಇದನ್ನು ಪಾಲಿಸಲಿ. ದೂರದ ಸರದಿಗೆ ಇಬ್ಬರು ಚಾಲಕರನ್ನು ಕಳಿಸುವುದು ದಾಸೋಹಕ್ಕೆ ಕಡಿಮೆಯಾದ ಪುಣ್ಯವಲ್ಲ.

ಕೊನೆಯದಾಗಿ ಊರಿನ ಹೊಣೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆಂದು 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಮದುವೆಯ ಮೆರವಣಿಗೆ, ಜಾತ್ರೆ, ಉತ್ಸವಗಳಲ್ಲಿ ಈ ನಿಯಮ ಮುರಿಯುತ್ತಲೇ ಇದೆ. ಇದನ್ನು ಪಾಲಿಸುವ ಕೆಲಸ ಮಠ ಮಂದಿರಗಳಿಂದಲೇ, ನಮ್ಮ ಮನೆಯ ಮದುವೆಗಳಿಂದಲೇ ಆರಂಭವಾಗಲಿ ಎಂದು ವಿನಂತಿಸುತ್ತೇನೆ. ಪಕ್ಕದ ಓಣಿಯಲ್ಲಿ ಒಬ್ಬ ಹೃದ್ರೋಗಿ, ಒಬ್ಬ ಬಾಣಂತಿ, ಬೆಳಿಗ್ಗೆ ನಾಲ್ಕಕ್ಕೆ ಲಾರಿ ಹತ್ತಬೇಕಾದ ಒಬ್ಬ ಚಾಲಕ ಮಲಗಿರುತ್ತಾರೆ.

ಈ ತಿಂಗಳು ಪ್ರತಿಯೊಂದು ಮನೆಯವರೂ ಎರಡು ಕೆಲಸ ಮಾಡಿದರೆ ಈ ಲೇಖನ ಬರೆದದ್ದು ಸಾರ್ಥಕ. ಮನೆಯ ಹಿರಿಯರ ದಿಂಬಿನ ಕೆಳಗೆ ಯಾವ ಗುಳಿಗೆಯಿದೆ, ಎಷ್ಟು ವರ್ಷದಿಂದ ಇದೆ ಎಂದು ಪ್ರೀತಿಯಿಂದ ವಿಚಾರಿಸಿ, ಆ ಪಟ್ಟಿಯನ್ನು ವೈದ್ಯರಿಗೆ ತೋರಿಸಿರಿ. ರಾತ್ರಿ 9.30ರ ನಂತರ ಮನೆಯ ಎಲ್ಲ ಮೊಬೈಲುಗಳನ್ನೂ ಮಲಗುವ ಕೋಣೆಯ ಹೊರಗೆ ಒಂದೇ ಕಡೆ ಇಡಿರಿ. ಹಿರಿಯರು ಮೊದಲು ಇಟ್ಟರೆ ಮಕ್ಕಳೂ ಇಡುತ್ತಾರೆ.